ಮತ ಎಲ್ಲಿ ಹಾಕಿದಿರಿ?: ಜಿಂಬಾಬ್ವೆಯ ಹಿಂಸಾವರದಿಗಳ ಭಾಷೆಯನ್ನು ಕುರಿತು

2008ರ ಏಪ್ರಿಲ್‌ನಿಂದ ಜೂನ್‌ವರೆಗೆ ಜಿಂಬಾಬ್ವೆಯ ಹಳ್ಳಿಗಳಲ್ಲಿ ನಡೆದ ದಂಡನೆಯ ಕಾರ್ಯಾಚರಣೆಗೆ ಜನರ ಬಾಯಲ್ಲಿ ಉಳಿದ ಹೆಸರು 'ಮಕವೋಟೆರಪಾಪಿ'. ಶೋನಾ ಭಾಷೆಯ ಈ ಒಂದು ಪದ ಒಂದು ಪೂರ್ಣ ವಾಕ್ಯ. ಅದನ್ನು ಕನ್ನಡಕ್ಕೆ ತರಲು ಹೆಚ್ಚು ಹೆಣಗಬೇಕಾಗಿಲ್ಲ: 'ನೀವು ಓಟು ಎಲ್ಲಿ ಹಾಕಿದಿರಿ?' ಕ್ರಿಯಾಪದದ ನಡುವೆ ಕುಳಿತಿರುವ 'ವೋಟ್' ಇಂಗ್ಲಿಷಿನಿಂದ ಬಂದದ್ದು, ನಮ್ಮ 'ಓಟು' ಬಂದ ಹಾಗೆಯೇ. ಕೊನೆಯ 'ಪಾಪಿ' ಎಂದರೆ 'ಎಲ್ಲಿ'. ಕನ್ನಡದ ಕಿವಿಗೆ ಅದು ಬೇರೆಯೇ ಅರ್ಥ ಕೊಡುವುದು ಒಂದು ಕ್ರೂರ ಕಾಕತಾಳೀಯ. ಮೊದಲಿನ 'ಮ' ಮಧ್ಯಮಪುರುಷ ಬಹುವಚನವನ್ನು ಸೂಚಿಸುತ್ತದೆ, ಮತ್ತು ನಮ್ಮ 'ನೀವು' ಹಾಗೆಯೇ ಗೌರವವಾಚಕವೂ ಹೌದು. ಇಂಗ್ಲಿಷ್ ವರದಿಗಳು ಈ ಹೆಸರನ್ನು ಅನುವಾದಿಸಿ ಕೊಟ್ಟಾಗ ಈ ಬಹುವಚನ ಕಾಣದಾಗುತ್ತದೆ. ಒಬ್ಬ ವ್ಯಕ್ತಿಯನ್ನು ನಿಲ್ಲಿಸಿ ಕೇಳಿದ ಪ್ರಶ್ನೆಯೋ, ಇಡೀ ಊರನ್ನು ಕೂರಿಸಿ ಕೇಳಿದ ಪ್ರಶ್ನೆಯೋ ಎಂಬುದು ಆ ಭಾಷೆಯ ಸರ್ವನಾಮದಿಂದ ತಿಳಿಯುವುದಿಲ್ಲ. ಶೋನಾದಲ್ಲಿ ಆ ಪದವನ್ನು ಕೇಳಿದವರಿಗೆ ಊರೂ ಕೇಳಿಸುತ್ತದೆ, ಊರನ್ನು ಉದ್ದೇಶಿಸಿದ ಅಣಕದ ಮರ್ಯಾದೆಯೂ ಕೇಳಿಸುತ್ತದೆ.

ಈ ಪ್ರಶ್ನೆ ನಿಜಕ್ಕೂ ಪ್ರಶ್ನೆಯಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. 2008ರ ಮಾರ್ಚ್ 29ರ ಚುನಾವಣೆಯಲ್ಲಿ ಪ್ರತಿ ಮತಗಟ್ಟೆಯ ಫಲಿತಾಂಶವನ್ನು ಆ ಮತಗಟ್ಟೆಯ ಹೊರಗೇ ಅಂಟಿಸಬೇಕೆಂಬ ಹೊಸ ನಿಯಮ ಜಾರಿಯಾಗಿತ್ತು. ಮತ ಎಣಿಕೆಯಲ್ಲಿ ಮೋಸ ನಡೆಯದಿರಲೆಂದು ಪಡೆದುಕೊಂಡ ಸುಧಾರಣೆ ಅದು, ಮತ್ತು ಆ ಉದ್ದೇಶವನ್ನು ಅದು ಸಾಧಿಸಿಯೂ ಸಾಧಿಸಿತು: ವಿರೋಧ ಪಕ್ಷವಾದ ಎಂಡಿಸಿ ಗೋಡೆಗಳ ಮೇಲಿನ ಹಾಳೆಗಳನ್ನು ಕೂಡಿಸಿ ತನ್ನದೇ ಲೆಕ್ಕ ಮಾಡಿಕೊಂಡಿತು. ಅಧ್ಯಕ್ಷೀಯ ಚುನಾವಣೆಯ ಅಧಿಕೃತ ಫಲಿತಾಂಶ ಹೊರಬಿದ್ದದ್ದು ಮೇ 2ರಂದು, ಅಂದರೆ ಒಂದು ತಿಂಗಳಿಗೂ ಹೆಚ್ಚು ಕಾಲದ ನಂತರ. ಮಾರ್ಗನ್ ತ್ಸ್ವಾಂಗಿರಾಯ್‌ಗೆ ಶೇ. 47.9, ರಾಬರ್ಟ್ ಮುಗಾಬೆಗೆ ಶೇ. 43.2. ಯಾರಿಗೂ ಅರ್ಧ ದಾಟದ ಕಾರಣ ಜೂನ್ 27ಕ್ಕೆ ಎರಡನೆಯ ಸುತ್ತು ನಿಗದಿಯಾಯಿತು. ಆದರೆ ಗೋಡೆಯ ಹಾಳೆಯನ್ನು ಓದಿದವರು ವಿರೋಧ ಪಕ್ಷದವರು ಮಾತ್ರವಲ್ಲ. ಯಾವ ಹಳ್ಳಿ ಯಾರಿಗೆ ಎಷ್ಟು ಮತ ಕೊಟ್ಟಿದೆ ಎಂಬುದು ಆಳುವ ಜಾನು-ಪಿಎಫ್ ಪಕ್ಷಕ್ಕೂ ಅದೇ ಹಾಳೆಯಿಂದ ತಿಳಿದಿತ್ತು. ಉತ್ತರ ಗೊತ್ತಿದ್ದವರು ಕೇಳಿದ ಪ್ರಶ್ನೆ ಅದು. ಪಾರದರ್ಶಕತೆಯ ಹಾಳೆಯೇ ದಂಡನೆಯ ನಕ್ಷೆಯಾದ ಈ ಸಂಗತಿಯನ್ನು ಚುನಾವಣಾ ಸುಧಾರಣೆಯ ಬಗ್ಗೆ ಬರೆಯುವವರು ಇನ್ನೂ ಸಾಕಷ್ಟು ಗಂಭೀರವಾಗಿ ತೆಗೆದುಕೊಂಡಿಲ್ಲವೆಂದು ನನಗೆ ಅನಿಸುತ್ತದೆ.

ನಾನು ಈ ದೇಶದ ಹಿಂಸಾವರದಿಗಳನ್ನು ಓದತೊಡಗಿದ್ದು ಕಾದಂಬರಿಗಳ ಮೂಲಕ. ಯವೊನ್ ವೆರಾ ಅವರ 'ದ ಸ್ಟೋನ್ ವರ್ಜಿನ್ಸ್' ಕುರಿತು ಸಂಶೋಧನೆ ಮಾಡುವಾಗ ಹಿನ್ನೆಲೆಗೆಂದು ಎತ್ತಿಕೊಂಡ ವರದಿಗಳು ಕ್ರಮೇಣ ಮುನ್ನೆಲೆಗೆ ಬಂದವು. 'ಇದರಲ್ಲಿ ಸಾಹಿತ್ಯ ಎಲ್ಲಿದೆ?' ಎಂದು ಆಗ ನನ್ನನ್ನು ಕೇಳಿದವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ವರದಿಯೂ ಒಂದು ಬರವಣಿಗೆಯ ಪ್ರಕಾರ. ಅದಕ್ಕೆ ತನ್ನದೇ ನಿರೂಪಕನಿದ್ದಾನೆ, ಕಾಲಪ್ರಜ್ಞೆಯಿದೆ, ಹೇಳುವ ಮತ್ತು ಹೇಳದಿರುವ ನಿಯಮಗಳಿವೆ. ಕನ್ನಡ ವಿಮರ್ಶೆ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಪಠ್ಯಗಳಾಗಿ ಓದಲು ಕಲಿತಿರುವಾಗ ಮಾನವ ಹಕ್ಕುಗಳ ವರದಿಗೆ ಆ ಗಮನವನ್ನು ನಿರಾಕರಿಸಲು ಕಾರಣವಿಲ್ಲ.

2000ದ ನಂತರ ಜಿಂಬಾಬ್ವೆಯಲ್ಲಿ ಈ ಪ್ರಕಾರ ಬೆಳೆದದ್ದು ಮುಖ್ಯವಾಗಿ ಎರಡು ನೆಲೆಗಳಲ್ಲಿ. 1998ರಲ್ಲಿ ರೂಪುಗೊಂಡ ಜಿಂಬಾಬ್ವೆ ಹ್ಯೂಮನ್ ರೈಟ್ಸ್ ಎನ್‌ಜಿಒ ಫೋರಂ, ಸದಸ್ಯ ಸಂಸ್ಥೆಗಳ ಹೇಳಿಕೆ ಮತ್ತು ಪತ್ರಿಕಾ ವರದಿಗಳನ್ನು ಆಧರಿಸಿ ತಿಂಗಳ ರಾಜಕೀಯ ಹಿಂಸಾವರದಿಗಳನ್ನು ಹೊರತರತೊಡಗಿತು. 2000ದಲ್ಲಿ ಹುಟ್ಟಿದ ಜಿಂಬಾಬ್ವೆ ಪೀಸ್ ಪ್ರಾಜೆಕ್ಟ್ ಇನ್ನೊಂದು ದಾರಿ ಹಿಡಿಯಿತು: ಕ್ಷೇತ್ರಕ್ಕೆ ಹೊರಗಿನಿಂದ ವೀಕ್ಷಕರನ್ನು ಕಳಿಸುವ ಬದಲು ಅದೇ ಊರಿನಲ್ಲಿ ಬದುಕುವವರನ್ನೇ ನಿಗಾದಾರರನ್ನಾಗಿ ಮಾಡುವುದು. 210 ಕ್ಷೇತ್ರಗಳಿಗೆ ತಲಾ ಇಬ್ಬರಂತೆ 420 ಮಂದಿ. ಚುನಾವಣೆಗೆ ವಾರದ ಮುಂಚೆ ವಿಮಾನದಿಂದ ಇಳಿದು, ಫಲಿತಾಂಶದ ಮರುದಿನ ಹೇಳಿಕೆ ಕೊಟ್ಟು ಹೊರಡುವ ವೀಕ್ಷಕರಿಗೂ ಇವರಿಗೂ ಇರುವ ಅಂತರ ದೊಡ್ಡದು. ವೀಕ್ಷಕರು ಮತದಾನದ ದಿನವನ್ನು ನೋಡುತ್ತಾರೆ. ಊರಿನವರಿಗಾದರೋ ಬಾವಿಕಟ್ಟೆಯಲ್ಲಿ ಯಾರು ಯಾರೊಡನೆ ಮಾತು ಬಿಟ್ಟರು, ಯಾವ ಮನೆಯ ಹುಡುಗ ರಾತ್ರಿ ಮನೆಯಲ್ಲಿ ಮಲಗುವುದನ್ನು ನಿಲ್ಲಿಸಿದ ಎಂಬುದು ಗೊತ್ತಿರುತ್ತದೆ.

ಹೀಗಿದ್ದೂ ಅವರು ಬರೆದು ಕೊಟ್ಟದ್ದು ಮುದ್ರಣಕ್ಕೆ ಬರುವಾಗ ಏನಾಗುತ್ತದೆ? ಪ್ರಾಂತ್ಯ, ಕ್ಷೇತ್ರ, ದಿನಾಂಕ. ಕೊಲೆ, ಅಪಹರಣ, ಚಿತ್ರಹಿಂಸೆ, ಹಲ್ಲೆ, ಆಸ್ತಿನಾಶ, ಸ್ಥಳಾಂತರ, ಬೆದರಿಕೆ ಎಂಬ ಅಂಕಣಗಳು. ಮೂರು ನಾಲ್ಕು ವಾಕ್ಯಗಳ ಘಟನಾವಿವರ. ಕ್ರಿಯಾಪದಗಳು ಬಹುಪಾಲು ಕರ್ಮಣಿಯಲ್ಲಿ: ಹೊಡೆಯಲಾಯಿತು, ಕರೆದೊಯ್ಯಲಾಯಿತು, ಸುಡಲಾಯಿತು. ಎದುರಿಗೆ 'ಎನ್ನಲಾಗಿದೆ'. ಭಾಷೆಯ ಈ ಒಣತನವನ್ನು ಹಳಿಯುವುದು ಸುಲಭ. ನಾನೂ ಮೊದಲು ಹಳಿದವನೇ. ಕರ್ಮಣಿ ಪ್ರಯೋಗ ಕರ್ತೃವನ್ನು ಮರೆಮಾಡುತ್ತದೆ, ಹಿಂಸೆಯನ್ನು ಹವಾಮಾನದಂತೆ ತೋರಿಸುತ್ತದೆ ಎಂದು ಆಗ ಬರೆದಿದ್ದೆ. ಈಗ ಆ ತೀರ್ಪನ್ನು ತಿದ್ದಿಕೊಳ್ಳಬೇಕಾಗಿದೆ. ಆ ವಾಕ್ಯ ಬಚ್ಚಿಡುವುದು ಹೊಡೆದವನನ್ನಷ್ಟೇ ಅಲ್ಲ, ನೋಡಿದವನನ್ನೂ. 'ಇಂಥವನು ಹೊಡೆದದ್ದನ್ನು ನಾನು ಕಂಡೆ' ಎಂಬ ಕರ್ತರಿ ವಾಕ್ಯ ನ್ಯಾಯಾಲಯದಲ್ಲಿ ನಿಲ್ಲುವ ಬಲವಾದ ವಾಕ್ಯ. ಆದರೆ ಆ ಊರಿನಲ್ಲಿ ಅದನ್ನು ಹೇಳಬಲ್ಲವರು ಇಬ್ಬರೋ ಮೂವರೋ ಇರುತ್ತಾರೆ, ಮತ್ತು ಯಾರು ಹೇಳಿದ್ದೆಂದು ಪತ್ತೆಮಾಡಲು ಒಂದು ಸಂಜೆ ಸಾಕು. ಸಾಕ್ಷಿ ಬದುಕಿ ಉಳಿಯಲೆಂದು ವ್ಯಾಕರಣ ತೆತ್ತ ಬೆಲೆ ಈ ಒಣತನ.

ಈ ಪ್ರಕಾರದ ಶ್ರೇಷ್ಠ ಮಾದರಿಯೆಂದು ನಾನು ತಿಳಿಯುವುದು 2008ರ ಯಾವುದೇ ವರದಿಯನ್ನಲ್ಲ, 1997ರ 'ಬ್ರೇಕಿಂಗ್ ದ ಸೈಲೆನ್ಸ್, ಬಿಲ್ಡಿಂಗ್ ಟ್ರೂ ಪೀಸ್' ಎಂಬ ಗ್ರಂಥವನ್ನು. ಕ್ಯಾಥೊಲಿಕ್ ಕಮಿಷನ್ ಫಾರ್ ಜಸ್ಟಿಸ್ ಅಂಡ್ ಪೀಸ್ ಮತ್ತು ಲೀಗಲ್ ರಿಸೋರ್ಸಸ್ ಫೌಂಡೇಷನ್ ಸೇರಿ ಹೊರತಂದ ಇದು 1980ರ ದಶಕದಲ್ಲಿ ಮಟಬೆಲೆಲ್ಯಾಂಡ್ ಮತ್ತು ಮಿಡ್‌ಲ್ಯಾಂಡ್ಸ್ ಪ್ರಾಂತ್ಯಗಳಲ್ಲಿ ನಡೆದದ್ದನ್ನು ದಾಖಲಿಸುತ್ತದೆ. ಉತ್ತರ ಕೊರಿಯಾದ ತರಬೇತುದಾರರಿಂದ ತಯಾರಾದ ಐದನೆಯ ಬ್ರಿಗೇಡ್ 1983ರ ಜನವರಿಯಲ್ಲಿ ಅಲ್ಲಿಗೆ ಇಳಿಯಿತು. ಬಂಡುಕೋರರನ್ನು ಹಿಡಿಯುವುದು ಹೇಳಿಕೊಂಡ ಕಾರಣ. ಸತ್ತವರು ಬಹುಪಾಲು ನಿರಾಯುಧ ಹಳ್ಳಿಗರು, ಪ್ರತಿಸ್ಪರ್ಧಿ ಜಾಪು ಪಕ್ಷದ ಬೆಂಬಲಿಗರೆಂದು ಭಾವಿಸಲ್ಪಟ್ಟವರು. 1984ರ ಆರಂಭದಲ್ಲಿ ದಕ್ಷಿಣ ಮಟಬೆಲೆಲ್ಯಾಂಡ್‌ನಲ್ಲಿ ಕರ್ಫ್ಯೂ ಹೇರಿ, ಬರಗಾಲದ ನಡುವೆ ಸುಮಾರು 4,00,000 ಜನರಿಗೆ ಆಹಾರ ತಲುಪದಂತೆ ತಡೆಯಲಾಯಿತು. ಈ ಕಾರ್ಯಾಚರಣೆಯ ಹೆಸರು 'ಗುಕುರಾಹುಂಡಿ'. ತೆನೆ ಬಡಿದ ಮೇಲೆ ಕಣದಲ್ಲಿ ಉಳಿದ ಹೊಟ್ಟನ್ನು ಕೊಚ್ಚಿಕೊಂಡು ಹೋಗುವ ಮೊದಲ ಮಳೆಗೆ ಶೋನಾ ರೈತರು ಬಳಸುವ ಪದ ಅದು. ಅಂದಿನ ಸರ್ಕಾರ ನೇಮಿಸಿದ ಚಿಹಂಬಕ್ವೆ ಆಯೋಗದ ವರದಿ ಬೆಳಕು ಕಾಣಲೇ ಇಲ್ಲ. ಹಾಗಾಗಿ 1997ರ ಗ್ರಂಥ ಒಂದು ಪ್ರಕಟವಾಗದ ಪುಸ್ತಕದ ಜಾಗದಲ್ಲಿ ನಿಂತ ಪುಸ್ತಕವೂ ಹೌದು.

ಸತ್ತವರ ಸಂಖ್ಯೆಯನ್ನು ಹೇಳುವಲ್ಲಿ ಈ ಗ್ರಂಥದ ಗದ್ಯ ತನ್ನ ಎತ್ತರವನ್ನು ಮುಟ್ಟುತ್ತದೆ. ಚೊಲೊಚೊ ಮತ್ತು ಮಟೋಬೊ ಎಂಬ ಎರಡು ಜಿಲ್ಲೆಗಳನ್ನು ಆಳವಾಗಿ ಪರಿಶೀಲಿಸಿ, ಹೆಸರು ಸಿಕ್ಕವರನ್ನೂ ಹೆಸರು ಸಿಗದೆ ಎಣಿಕೆಗೆ ಮಾತ್ರ ಸಿಕ್ಕವರನ್ನೂ ಬೇರೆ ಬೇರೆ ಇಟ್ಟು, ಅದು ಮೆಟ್ಟಿಲು ಮೆಟ್ಟಿಲಾಗಿ ಮುಂದುವರಿಯುತ್ತದೆ. ಸತ್ತವರು ಮತ್ತು ಕಾಣೆಯಾದವರು 3,000ಕ್ಕೆ ಕಡಿಮೆಯಿಲ್ಲ, ಇದು ಸಂಶಯಾತೀತ. 3,750 ಎಂಬುದು ಸಾಕಷ್ಟು ಖಚಿತ. ನಿಜವಾದ ಸಂಖ್ಯೆ 3,000ದ ಎರಡರಷ್ಟೋ ಅದಕ್ಕೂ ಹೆಚ್ಚೋ ಇರಬಹುದು, ಅದನ್ನು ಮುಂದಿನ ಸಂಶೋಧನೆ ಹೇಳಬೇಕು. ಪ್ರತಿ ಅಂಕಿಗೂ ಅದರ ನಂಬಿಕೆಯ ತೂಕವನ್ನು ಕಟ್ಟಿ ಕೊಡುವ ಈ ಕ್ರಮದಲ್ಲಿ ಶೋಕವನ್ನು ತಡೆಹಿಡಿದ ಧ್ವನಿಯೊಂದು ಕೇಳಿಸುತ್ತದೆ. ಇಂದು ಸಾರ್ವಜನಿಕ ಮಾತಿನಲ್ಲಿ 20,000 ಎಂಬ ಅಂಕಿ ಓಡಾಡುತ್ತದೆ, ಹಲವು ಬಾರಿ ಈ ಗ್ರಂಥದ ಹೆಸರಿನಲ್ಲೇ. ಅಂಥ ಅಂಕಿ ನಿಜವಿರಲೂಬಹುದು. ಆದರೆ ಗ್ರಂಥ ಅದನ್ನು ಹೇಳಿಲ್ಲ. ಹೇಳದಿದ್ದುದನ್ನು ಅದರ ಬಾಯಲ್ಲಿ ಹಾಕುವವರು, ಸದುದ್ದೇಶದಿಂದಲೇ ಆದರೂ, ಆ ಬರವಣಿಗೆಯ ದೊಡ್ಡ ಗುಣವನ್ನೇ ಅಳಿಸುತ್ತಿದ್ದಾರೆ. ಕೊಂದವರ ಕಡೆಯವರು ಕಾಯುತ್ತಿರುವುದೂ ಇಂಥ ಒಂದು ಸಡಿಲ ಅಂಕಿಗಾಗಿಯೇ.

ಮಟೋಬೊ ಜಿಲ್ಲೆಯೇ ವೆರಾ ಅವರ ಕಾದಂಬರಿಯ ನೆಲ. ಬಂಧಿತರನ್ನು ಕೂಡಿಹಾಕಿದ ಬಲಗ್ವೆ ಶಿಬಿರ ಇದ್ದದ್ದೂ ಅದೇ ಜಿಲ್ಲೆಯಲ್ಲಿ, ಕಾದಂಬರಿಯ ಕೆಝಿ ಊರಿಗೆ ದೂರವಲ್ಲದೆ. 2002ರಲ್ಲಿ, ಅಂದರೆ ವರದಿಗೆ ಐದು ವರ್ಷಗಳ ನಂತರ, ಮತ್ತೊಂದು ಹಿಂಸಾತ್ಮಕ ಅಧ್ಯಕ್ಷೀಯ ಚುನಾವಣೆಯ ವರ್ಷದಲ್ಲಿ ಅದು ಪ್ರಕಟವಾಯಿತು. ತೆಂಜಿವೆ ಮತ್ತು ನೊನ್ಸೆಬಾ ಎಂಬ ಅಕ್ಕತಂಗಿಯರು. ಅಕ್ಕನನ್ನು ಕೊಂದು ತಂಗಿಯ ತುಟಿ ಕೊಯ್ಯುವ ಸಿಬಾಸೊ, ಹಿಂದಿನ ವಿಮೋಚನಾ ಹೋರಾಟಗಾರ. ಊರಿನ ಅಂಗಡಿಯನ್ನು ಅದರಲ್ಲಿದ್ದ ಜನರೊಂದಿಗೆ ಸುಡುವ ಸೈನಿಕರು. ವರದಿ ಹೇಳಲಾರದ್ದನ್ನು ಕಾದಂಬರಿ ಹೇಳುತ್ತದೆ ಎಂಬ ಸಿದ್ಧವಾಕ್ಯವನ್ನು ಇಲ್ಲಿ ಬರೆದುಬಿಡಬಹುದು. ನನಗೆ ಅದು ಒಪ್ಪಿಗೆಯಿಲ್ಲ. ವೆರಾ ಅವರ ಗದ್ಯ ಕೆಲವೆಡೆ ಎಷ್ಟು ಸುಂದರವೆಂದರೆ ಓದುಗನಿಗೆ ಗಾಯಕ್ಕಿಂತ ಗಾಯದ ವರ್ಣನೆ ನೆನಪಿನಲ್ಲಿ ಉಳಿಯುವ ಅಪಾಯವಿದೆ. ಅದಕ್ಕೂ ಮಿಗಿಲಾಗಿ, ಅಕ್ಕತಂಗಿಯರ ಮೇಲಿನ ಕೃತ್ಯವನ್ನು ಒಬ್ಬ ಬಂಡುಕೋರನ ಕೈಯಲ್ಲಿ ಇಟ್ಟು ಅವನ ಮನಸ್ಸಿನ ಒಳಹೊಕ್ಕ ಕಾದಂಬರಿ, ಸೈನಿಕರನ್ನು ಹೆಸರಿಲ್ಲದ ಗುಂಪಾಗಿಯೇ ಉಳಿಸುತ್ತದೆ. ಎರಡೂ ಕಡೆಯ ಹಿಂಸೆಯನ್ನು ತೋರುವ ನ್ಯಾಯ ಅದರಲ್ಲಿದೆ, ನಿಜ. ಆದರೆ ಯಾರಿಂದ ಎಷ್ಟು ಎಂಬ ಪ್ರಮಾಣ ತಿಳಿಯಬೇಕಾದರೆ ಮತ್ತೆ ವರದಿಯ ಕೋಷ್ಟಕಗಳಿಗೇ ಮರಳಬೇಕು. ಅಲ್ಲಿ ಭಾರವೆಲ್ಲ ಬ್ರಿಗೇಡಿನ ಕಡೆಗಿದೆ. ಈ ಎರಡನ್ನು ಒಂದರ ಪಕ್ಕ ಒಂದಿಟ್ಟು ಓದಬೇಕು, ಒಂದನ್ನು ಇನ್ನೊಂದರ ಬದಲಿಗೆ ಅಲ್ಲ.

ಈ ಪತ್ರಿಕೆಯ ಓದುಗರು ಕೇಳಬಹುದಾದ ಪ್ರಶ್ನೆ ಭಾಷೆಯದು. ಈ ಹಿಂಸೆಯಲ್ಲಿ ಭಾಷೆ ಹಿನ್ನೆಲೆಯಲ್ಲಿ ಇರಲಿಲ್ಲ. ಎನ್‌ದೆಬೆಲೆ ಮಾತಾಡುವ ಹಳ್ಳಿಗರನ್ನು ರಾತ್ರಿಯಿಡೀ ಕೂರಿಸಿ, ಬಂಧುಗಳನ್ನು ಹೂತ ಗುಂಡಿಗಳ ಮೇಲೆ ಕುಣಿಯುತ್ತ ಜಾನು-ಪಿಎಫ್ ಪಕ್ಷವನ್ನು ಹೊಗಳುವ ಶೋನಾ ಹಾಡುಗಳನ್ನು ಹಾಡುವಂತೆ ಮಾಡಿದ್ದನ್ನು 1997ರ ಗ್ರಂಥ ದಾಖಲಿಸಿದೆ. ರಾತ್ರಿಯಿಡೀ ನಡೆಯುವ ಆ ಸಭೆಯ ಹೆಸರು 'ಪುಂಗ್ವೆ'. ವಿಮೋಚನಾ ಯುದ್ಧದಲ್ಲಿ ಹೋರಾಟಗಾರರು ಹಳ್ಳಿಗರನ್ನು ಸೇರಿಸಿ ಹಾಡಿ ಕಲಿಸುತ್ತಿದ್ದ ಕೂಟವನ್ನು ಸೂಚಿಸುತ್ತಿದ್ದ ಪದ. 2008ರಲ್ಲಿ ಅದೇ ಪದ ಮತ್ತೆ ಬಂತು, ಮತದಾರರನ್ನು 'ಮರುಶಿಕ್ಷಣ'ಕ್ಕೆ ಒಳಪಡಿಸುವ ಸಭೆಗಳಿಗೆ. 'ಮುತೆಂಗೆಸಿ', ಮಾರಿಕೊಂಡವನು, ಎಂಬ ಯುದ್ಧಕಾಲದ ಬೈಗುಳವೂ ವಿರೋಧ ಪಕ್ಷದ ಬೆಂಬಲಿಗನನ್ನು ಕರೆಯುವ ಪದವಾಯಿತು. ಕೈ ಕತ್ತರಿಸುವ ಮುನ್ನ 'ಅರ್ಧ ತೋಳೋ, ಪೂರ್ತಿ ತೋಳೋ' ಎಂದು ಅಂಗಿಯ ಅಳತೆ ಕೇಳುವ ಮಾತು, ಹಿಂದೆ ಸಿಯೆರಾ ಲಿಯೋನ್‌ನಲ್ಲಿ ಕೇಳಿಬಂದದ್ದು, 2008ರಲ್ಲಿ ಜಿಂಬಾಬ್ವೆಯ ವರದಿಗಳಲ್ಲೂ ಕಾಣಿಸಿಕೊಂಡಿತು. ಹಿಂಸೆಗೆ ಹೀಗೆ ಒಂದು ಶಬ್ದಕೋಶವಿದೆ, ಅದಕ್ಕೆ ಒಂದು ವಂಶಾವಳಿಯಿದೆ.

ಆಳುವವರ ದ್ವಿಭಾಷಿಕತೆಯೂ ಇದರ ಭಾಗ. 1985ರ ಜುಲೈ ಚುನಾವಣೆಯಲ್ಲಿ, ಅಷ್ಟೆಲ್ಲ ಆದಮೇಲೂ, ಮಟಬೆಲೆಲ್ಯಾಂಡ್‌ನ 15 ಸ್ಥಾನಗಳನ್ನೂ ಜಾಪು ಗೆದ್ದಿತು. ಆ ಬಳಿಕ ಮುಗಾಬೆ ಶೋನಾದಲ್ಲಿ ಮಾಡಿದ ಪ್ರಸಾರಭಾಷಣದಲ್ಲಿ ತೋಟದ ಕಳೆ ಕೀಳಿರೆಂದು ಬೆಂಬಲಿಗರಿಗೆ ಹೇಳಿದರೆಂದು ವರದಿಯಾಗಿದೆ. ಇಂಗ್ಲಿಷಿನಲ್ಲಿ ಆಡಿದ ಮಾತಿನ ದನಿ ಬೇರೆ. ಮುಂದಿನ ದಿನಗಳಲ್ಲಿ ಹರಾರೆಯ ಬಡಾವಣೆಗಳಲ್ಲಿ ಅಲ್ಪಸಂಖ್ಯಾತ ಪಕ್ಷಗಳವರ ಮನೆಸಾಮಾನುಗಳು ಬೀದಿಗೆ ಬಿದ್ದವು. ಹೊಟ್ಟು, ಕಳೆ: ಎರಡೂ ಬೇಸಾಯದ ರೂಪಕಗಳು, ರೈತನ ಕಿವಿಗೆ ನೇರ ತಲುಪುವಂಥವು. ಇಂಗ್ಲಿಷ್ ಮಾತ್ರ ಬಲ್ಲ ವೀಕ್ಷಕನಿಗೆ ಕೇಳಿಸಿದ್ದು ಇನ್ನೊಂದು ಭಾಷಣ.

ಶೋನಾ ಮತ್ತು ಎನ್‌ದೆಬೆಲೆ ಎಂಬ ಈ ಜೋಡಿಯ ಆಚೆಗೆ ನೋಡಿದರೆ ಇನ್ನೂ ಸಣ್ಣ ಭಾಷೆಗಳಿವೆ. ನೈಋತ್ಯದ ಗಡಿಯಲ್ಲಿ ಕಲಂಗ ಮಾತಾಡುವವರು, ಗಡಿಯಾಚೆ ಬೋಟ್ಸ್ವಾನಾದಲ್ಲೂ ಇರುವವರು; ಉತ್ತರದಲ್ಲಿ ಜಾಂಬಿಯಾದ ಗಡಿಗುಂಟ ಟೋಂಗಾ ಜನ. 2013ರ ಸಂವಿಧಾನ 16 ಭಾಷೆಗಳಿಗೆ ಮನ್ನಣೆ ಕೊಡುವಾಗ ಕಲಂಗ, ಟೋಂಗಾಗಳೂ ಪಟ್ಟಿಗೆ ಬಂದವು. ಆದರೆ 1980ರ ದಶಕದ ಹಿಂಸೆಯನ್ನು 'ಶೋನಾ ಸೇನೆ, ಎನ್‌ದೆಬೆಲೆ ಜನ' ಎಂದು ಸಂಗ್ರಹಿಸುವ ರೂಢಿಯಲ್ಲಿ ಕಲಂಗರು ಎನ್‌ದೆಬೆಲೆಯರೊಳಗೆ ಕರಗಿಹೋಗಿದ್ದಾರೆ. ಜಾಪು ನಾಯಕ ಜೋಶುವಾ ಎನ್‌ಕೋಮೊ ಅವರೇ ಕಲಂಗ ಮೂಲದವರಾಗಿದ್ದರು ಎಂಬುದನ್ನು ನೆನೆದರೆ ಈ ಕರಗುವಿಕೆಯ ವ್ಯಂಗ್ಯ ತಿಳಿಯುತ್ತದೆ. ಗಡಿಯ ಸಣ್ಣ ಭಾಷೆಯವನು ಪೆಟ್ಟು ತಿನ್ನುವಾಗ ಒಂದು ದೊಡ್ಡ ಗುಂಪಿನವನಾಗಿ ತಿನ್ನುತ್ತಾನೆ, ದಾಖಲಾಗುವಾಗಲೂ ಆ ಗುಂಪಿನವನಾಗಿಯೇ ದಾಖಲಾಗುತ್ತಾನೆ.

ಇಲ್ಲಿ ನನ್ನ ಊರಿನ ಕಡೆಗೆ ಒಂದು ಹೆಜ್ಜೆ ಇಡುತ್ತೇನೆ, ಹೋಲಿಕೆಗಲ್ಲ. ಅಲ್ಲಿನ ಸಾವುಗಳ ಎದುರು ನಮ್ಮ ಕಷ್ಟವನ್ನು ಇಡುವುದು ಅವಿವೇಕ. ನಮ್ಮ ಸಂವಿಧಾನದ 350ನೆಯ ವಿಧಿ, ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರ್ಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸಲು ಅವಕಾಶ ಮಾಡಿದೆ. ಕಾಸರಗೋಡು ಸೀಮೆಯಲ್ಲಿ ನನ್ನ ಅಜ್ಜಿ ಹಿಂದೊಮ್ಮೆ ಕನ್ನಡದಲ್ಲಿ ಬರೆಸಿದ ದೂರನ್ನು ಒಂದು ಕಚೇರಿಯಲ್ಲಿ ಮಲಯಾಳಕ್ಕೆ ತಿರುಗಿಸಿ ಬರೆದುಕೊಂಡರು. 'ಹೆದರಿಸಿದರು' ಎಂದು ಆಕೆ ಹೇಳಿದ್ದು ಅಲ್ಲಿ 'ವಾಗ್ವಾದವಾಯಿತು' ಎಂದಾಗಿತ್ತು. ಬರೆದವರಿಗೆ ದುರುದ್ದೇಶವಿತ್ತೆಂದು ಈಗಲೂ ನನಗೆ ಅನಿಸುವುದಿಲ್ಲ. ಒಂದು ಭಾಷೆಯಲ್ಲಿ ಕರ್ತೃ-ಕರ್ಮಗಳಿದ್ದ ಘಟನೆ ಇನ್ನೊಂದರಲ್ಲಿ ಇಬ್ಬರಿಗೂ ಸಮನಾದ ಜಗಳವಾಯಿತು, ಅಷ್ಟೆ. ಆ ಹಾಳೆಯ ನೆನಪು ಇಲ್ಲದೆ ನಾನು ಹರಾರೆಯ ಇಂಗ್ಲಿಷ್ ಕೋಷ್ಟಕಗಳನ್ನು ಓದಲಾರೆ. ಕಲಂಗದಲ್ಲೋ ಟೋಂಗಾದಲ್ಲೋ ನುಡಿದದ್ದು ಅಂಕಣ ಸೇರುವ ಮುನ್ನ ಎಷ್ಟು ಕೈ ದಾಟಿರಬೇಕು?

ಈ ವರದಿಗಳ ಬಗ್ಗೆ ನನ್ನ ಮುಖ್ಯ ಆಕ್ಷೇಪ ಭಾಷೆಗಿಂತ ಹೆಚ್ಚಾಗಿ ಕಾಲಕ್ಕೆ ಸಂಬಂಧಿಸಿದ್ದು. ಚುನಾವಣಾಪೂರ್ವ ನಿಗಾ ಒಂದು ಕಿಟಕಿಯ ಮೂಲಕ ನೋಡುತ್ತದೆ: ಇಂಥ ತಿಂಗಳಿಂದ ಇಂಥ ತಿಂಗಳು. ಆ ಅವಧಿಯಲ್ಲಿ ನಡೆದ ಘಟನೆಗಳನ್ನು ಎಣಿಸುತ್ತದೆ. ಆದರೆ ಭಯ ಘಟನೆಯಲ್ಲ. ಸೇನೆಯ ಟ್ರಕ್ಕೊಂದು ಚೊಲೊಚೊದ ಶಾಲೆಯ ಮೈದಾನದಲ್ಲಿ ಒಂದು ಗಂಟೆ ನಿಂತು ಹೋದರೆ, ಯಾರನ್ನೂ ಮುಟ್ಟದಿದ್ದರೆ, ಕೋಷ್ಟಕದಲ್ಲಿ ಬರುವುದು ಏನೂ ಇಲ್ಲ; ಹೆಚ್ಚೆಂದರೆ 'ಬೆದರಿಕೆ: 1'. 1983ನ್ನು ಬಲ್ಲ ಊರಿನಲ್ಲಿ ಆ ಒಂದು ಗಂಟೆಯ ಅರ್ಥ ಬೇರೆ. ಹಿಂದೆ ಯಥೇಚ್ಛ ಹಿಂಸೆ ನಡೆಸಿದವನಿಗೆ ಮುಂದೆ ಅಷ್ಟು ಹಿಂಸೆ ಬೇಕಾಗುವುದಿಲ್ಲ. ಅಂಕಿ ಇಳಿದದ್ದು ಶಾಂತಿಯ ಲಕ್ಷಣವೆಂದು ವರದಿ ಬರೆಯುತ್ತದೆ. ಭಾರತದ ಚುನಾವಣಾ ಆಯೋಗ ಬೆದರಿಕೆಗೆ ಒಳಗಾಗಬಹುದಾದ ಊರು-ಕೇರಿಗಳನ್ನು ಮತದಾನಕ್ಕೆ ಮುಂಚೆಯೇ ಗುರುತಿಸುವ ಪದ್ಧತಿಯಲ್ಲಿ ಹಿಂದಿನ ಚುನಾವಣೆಗಳ ನೆನಪಿಗೆ ಸ್ವಲ್ಪ ಜಾಗವಿದೆ. ಘಟನೆಯನ್ನೇ ಘಟಕವಾಗಿ ಇಟ್ಟುಕೊಂಡ ತಿಂಗಳ ವರದಿಗೆ ಆ ಜಾಗವಿಲ್ಲ.

ಮತ್ತು ಎಣಿಸುವವರೇ ಇಲ್ಲದಾದಾಗ ಅಂಕಿ ಏನಾಗುತ್ತದೆ? 2008ರ ಜೂನ್ 4ರಂದು ಸರ್ಕಾರ ಎಲ್ಲ ಸ್ವಯಂಸೇವಾ ಸಂಸ್ಥೆಗಳ ಕ್ಷೇತ್ರಕಾರ್ಯವನ್ನು ನಿಲ್ಲಿಸಿತು. ಎರಡನೆಯ ಸುತ್ತಿಗೆ ಉಳಿದದ್ದು ಮೂರೇ ವಾರ. ಆಹಾರ ವಿತರಣೆಯಲ್ಲಿ ರಾಜಕೀಯ ಮಾಡುತ್ತಿದ್ದಾರೆಂಬುದು ಕೊಟ್ಟ ಕಾರಣ. ಜೂನ್ 22ರಂದು ತ್ಸ್ವಾಂಗಿರಾಯ್ ಸ್ಪರ್ಧೆಯಿಂದ ಹಿಂದೆ ಸರಿದರು. ಒಬ್ಬನೇ ಓಡಿದ ಓಟದಲ್ಲಿ ಮುಗಾಬೆಗೆ ಶೇ. 85ಕ್ಕೂ ಹೆಚ್ಚು ಮತ ಬಂತು. ಆಫ್ರಿಕಾ ಖಂಡದ ಸಂಸತ್ತು ಕಳಿಸಿದ್ದ ವೀಕ್ಷಕ ತಂಡ ಆ ವಾತಾವರಣದಲ್ಲಿ ಮುಕ್ತ ಚುನಾವಣೆ ಸಾಧ್ಯವಿರಲಿಲ್ಲವೆಂದು ನೇರವಾಗಿ ಹೇಳಿತು. ನೆರೆಯ ಸರ್ಕಾರಗಳ ವೀಕ್ಷಕ ಹೇಳಿಕೆಗಳಲ್ಲಿ ಸಾಮಾನ್ಯವಾಗಿ ಕಾಣುವ ನುಣುಚು ಮಾತು ಅದರಲ್ಲಿರಲಿಲ್ಲ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು.

ಅದೇ ವರ್ಷದ ಡಿಸೆಂಬರ್ 3ರ ಮುಂಜಾನೆ, ಪೀಸ್ ಪ್ರಾಜೆಕ್ಟ್‌ನ ನಿರ್ದೇಶಕಿ ಜೆಸ್ಟಿನಾ ಮುಕೋಕೊ ಅವರನ್ನು ನಾರ್ಟನ್ ಪಟ್ಟಣದ ಅವರ ಮನೆಯಿಂದ ಶಸ್ತ್ರಧಾರಿಗಳು ಎತ್ತಿಕೊಂಡು ಹೋದರು. ಮೂರು ವಾರ ಆಕೆ ಎಲ್ಲಿದ್ದಾರೆಂದು ಯಾರಿಗೂ ತಿಳಿಯಲಿಲ್ಲ. ಒಂದು ಕಾಲದಲ್ಲಿ ದೂರದರ್ಶನದ ವಾರ್ತಾವಾಚಕಿಯಾಗಿದ್ದ, ದೇಶಕ್ಕೆಲ್ಲ ದನಿ ಪರಿಚಯವಿದ್ದ ಮಹಿಳೆ. ಅಂಗಾಲಿಗೆ ಹೊಡೆದರು, ಜಲ್ಲಿಕಲ್ಲಿನ ಮೇಲೆ ಮಂಡಿಯೂರಿಸಿದರು. ಡಿಸೆಂಬರ್ 24ರಂದು ನ್ಯಾಯಾಲಯದ ಎದುರು ತಂದಾಗ ಆರೋಪ, ಸರ್ಕಾರವನ್ನು ಉರುಳಿಸಲು ಬೋಟ್ಸ್ವಾನಾದಲ್ಲಿ ತರಬೇತಿಗೆ ಜನರನ್ನು ಸೇರಿಸಿದರೆಂಬುದು. 2009ರ ಸೆಪ್ಟೆಂಬರ್ 28ರಂದು ಸುಪ್ರೀಂ ಕೋರ್ಟ್ ಆ ಮೊಕದ್ದಮೆಯನ್ನು ಶಾಶ್ವತವಾಗಿ ತಡೆಹಿಡಿಯಿತು. 2016ರಲ್ಲಿ ಹೊರಬಂದ ಆಕೆಯ ಆತ್ಮಕಥನವನ್ನು ಓದುವಾಗ, ಬೇರೆಯವರ ಹೇಳಿಕೆಗಳನ್ನು ಪ್ರಥಮಪುರುಷದ ಕರ್ಮಣಿಯಲ್ಲಿ ವರ್ಷಗಳ ಕಾಲ ದಾಖಲಿಸಿದವರು 'ನಾನು' ಎಂದು ಬರೆಯಬೇಕಾಗಿ ಬಂದ ಬದಲಾವಣೆ ಪುಟಪುಟದಲ್ಲೂ ಕಾಣುತ್ತದೆ. ಆದರೂ ದಿನಾಂಕ, ವೇಳೆ, ಕೋಣೆಯ ಅಳತೆ, ಎಷ್ಟು ಜನ, ಯಾರು ಯಾವ ಭಾಷೆಯಲ್ಲಿ ಮಾತಾಡಿದರು ಎಂಬುದನ್ನು ಗಮನದಲ್ಲಿಟ್ಟುಕೊಳ್ಳುವ ಅಭ್ಯಾಸ ಬಿಟ್ಟುಹೋಗಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ವಾಹನದಲ್ಲಿ ಮಲಗಿಸಿ ಒಯ್ಯುವಾಗಲೂ ಆಕೆ ತನ್ನ ನಿಗಾದಾರರು ತುಂಬುತ್ತಿದ್ದ ನಮೂನೆಯನ್ನೇ ಮನಸ್ಸಿನಲ್ಲಿ ತುಂಬುತ್ತಿದ್ದರೇನೋ ಎಂದು ನನಗೆ ಓದುವಾಗ ಅನಿಸಿತು.